ಛಾಯಾಚಿತ್ರಕ್ಕೆ ಇಂಗ್ಲಿಷ್ ಅಡಿಬರಹ: ಸಹಜ ಪದಗಳ ಆಯ್ಕೆ

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಅತ್ಯಂತ ಹೆಚ್ಚು ಜನರ ಕಣ್ಣಿಗೆ ಬೀಳುವ ವಾಕ್ಯಗಳು ಛಾಯಾಚಿತ್ರಗಳ ಕೆಳಗಿನವು. ಸಂಚಿಕೆ ಕೈಗೆ ಬಂದೊಡನೆ ಹಳೆಯ ವಿದ್ಯಾರ್ಥಿಯು ಮೊದಲು ತಿರುವುವುದು ಚಿತ್ರಗಳ ಪುಟಗಳನ್ನೇ. ಲೇಖನಗಳ ಸರದಿ ಬಳಿಕ ಬರುತ್ತದೆ, ಕೆಲವೊಮ್ಮೆ ಬರುವುದೂ ಇಲ್ಲ. ಧಾರವಾಡದಂಥ ಊರಿನ ಶಾಲೆಗಳಲ್ಲಿ ಓದಿದವರು ಇಂದು ದೇಶದ ನಾನಾ ಕಡೆ ಹಾಗೂ ಹೊರದೇಶಗಳಲ್ಲಿ ನೆಲೆಸಿದ್ದು, ಅವರ ಮಕ್ಕಳಲ್ಲಿ ಹಲವರಿಗೆ ಕನ್ನಡ ಓದಲು ಬಾರದಿರುವುದರಿಂದ, ಕನ್ನಡದ ಅಡಿಬರಹದ ಜೊತೆಗೆ ಇಂಗ್ಲಿಷಿನದೊಂದು ಸಾಲನ್ನು ಸೇರಿಸುವುದು ರೂಢಿಗೆ ಬಂದಿದೆ. ಆ ಒಂದು ಸಾಲು ಬರೆಯುವ ಕೆಲಸ ಸಾಮಾನ್ಯವಾಗಿ ಇಂಗ್ಲಿಷ್ ಶಿಕ್ಷಕರ ಪಾಲಿಗೆ ಬರುತ್ತದೆ. ಒಂದು ಪುಟದ ಪ್ರಬಂಧವನ್ನು ನಿರಾಯಾಸವಾಗಿ ಬರೆಯಬಲ್ಲವರೂ ಇಲ್ಲಿ ತಡವರಿಸುವುದುಂಟು. ಇದೇ ತೊಡಕು ವಿದ್ಯಾರ್ಥಿಗಳಿಗೂ ಎದುರಾಗುತ್ತದೆ, ಏಕೆಂದರೆ ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಚಿತ್ರವೊಂದನ್ನು ಕೊಟ್ಟು ಅದನ್ನು ವರ್ಣಿಸಲು ಕೇಳುವ ಪ್ರಶ್ನೆ ಚಿರಪರಿಚಿತವಾದುದು. ವ್ಯಾಕರಣ ಬಲ್ಲ ಹುಡುಗನೂ ಅಲ್ಲಿ ಕನ್ನಡದ ಕಣ್ಣಿನಿಂದ ನೋಡಿ ಇಂಗ್ಲಿಷಿನ ಪದಗಳಲ್ಲಿ ಬರೆಯುತ್ತಾನೆ. ಪದಗಳು ಇಂಗ್ಲಿಷಿನವು, ನೋಟದ ಕ್ರಮ ಮಾತ್ರ ಕನ್ನಡದ್ದು. ಅಸಹಜತೆ ಹುಟ್ಟುವುದು ಈ ನಡುವಿನ ಸಂದಿಯಲ್ಲಿ.

ಮೊದಲು ಅಡಿಬರಹದ ಬಗೆಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ಕಟ್ಟಡ, ಗುಡಿ, ಪದಕ ಮುಂತಾದವುಗಳ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಪೂರ್ಣ ವಾಕ್ಯ ಬೇಕಿಲ್ಲ. ಕ್ರಿಯಾಪದವಿಲ್ಲದ ನಾಮಪುಂಜವೇ ಸಾಕು. "ದ ಸ್ಕೂಲ್ ಬಿಲ್ಡಿಂಗ್ ಫ್ರಮ್ ದ ಈಸ್ಟ್" ಎಂದರೆ ಕೆಲಸ ಮುಗಿಯಿತು. "ದಿಸ್ ಈಸ್ ದ ಫೋಟೋ ಆಫ್ ಅವರ್ ಸ್ಕೂಲ್ ಬಿಲ್ಡಿಂಗ್" ಎಂದು ಬರೆದರೆ, ಓದುಗನಿಗೆ ಕಣ್ಣಿಗೆ ಕಾಣುತ್ತಿರುವುದನ್ನೇ ಮತ್ತೆ ಹೇಳಿದಂತಾಗುತ್ತದೆ. ಪತ್ರಿಕೆಯ ಚಿತ್ರಕ್ಕೆ ವರ್ತಮಾನಕಾಲದ ಸರಳ ರೂಪವು ವಾಡಿಕೆ: ನಡೆದುಹೋದ ಸಮಾರಂಭವಾದರೂ ಮಂತ್ರಿಗಳು ಅಡಿಗಲ್ಲು "ಲೇಸ್", ಅತಿಥಿಗಳು ದೀಪ "ಲೈಟ್ಸ್". ಶಾಲೆಗಳ ಸಂಚಿಕೆಗಳಲ್ಲಿ ಇದರ ಬದಲು "ದ ಚೀಫ್ ಗೆಸ್ಟ್ ಲೈಟಿಂಗ್ ದ ಲ್ಯಾಂಪ್" ಎಂಬ ಅರ್ಧವಾಕ್ಯ ಬಳಕೆಯಲ್ಲಿದೆ, ಅದರಲ್ಲೇನೂ ದೋಷವಿಲ್ಲ. ಮೂರನೆಯದು ವರ್ಣನೆ. ಪರೀಕ್ಷೆಯಲ್ಲಿ ಕೇಳುವುದು ಇದನ್ನು. ಕಂಪ್ಯೂಟರ್ ಮತ್ತು ಮೊಬೈಲ್ ಪರದೆಯ ಮೇಲಿನ ಚಿತ್ರಗಳಿಗೆ ದೃಷ್ಟಿಹೀನರ ಸಲುವಾಗಿ ಬರೆಯುವುದೂ ಇದನ್ನೇ. ಯಂತ್ರವು ಆ ವಿವರಣೆಯನ್ನು ಗಟ್ಟಿಯಾಗಿ ಓದಿ ಹೇಳುತ್ತದೆ; ಕೇಳುವವನಿಗೆ ಆ ಎರಡು ಸಾಲುಗಳೇ ಚಿತ್ರ. ಅಲ್ಲಿ ಪದ ತಪ್ಪಿದರೆ ಚಿತ್ರವೇ ತಪ್ಪುತ್ತದೆ.

ಈಗ ಒಂದು ಛಾಯಾಚಿತ್ರವನ್ನು ಕಲ್ಪಿಸಿಕೊಳ್ಳಬಹುದು. ಧಾರವಾಡದ ಒಂದು ರಸ್ತೆಯ ಬದಿ. ಇಳಕಲ್ ಸೀರೆಯುಟ್ಟ ಮುದುಕಿಯೊಬ್ಬಳು ಬೇವಿನ ಗಿಡದ ಕೆಳಗೆ ಪೇರಲಹಣ್ಣಿನ ಬುಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದಾಳೆ. ಕೊಡೆ ಹಿಡಿದ ಹುಡುಗಿಯೊಬ್ಬಳು ಹಣ್ಣುಗಳನ್ನು ನೋಡುತ್ತಿದ್ದಾಳೆ. ಹಿಂದೆ ಒಂದು ಚಕ್ಕಡಿ ಇದೆ. ಮೋಡ ಕವಿದಿದೆ. ಇದನ್ನು ಈ ಭಾಗದ ಸಾಧಾರಣ ವಿದ್ಯಾರ್ಥಿಯು ಬರೆಯುವ ರೀತಿ ಸುಮಾರಾಗಿ ಹೀಗಿರುತ್ತದೆ: "ಇನ್ ದಿಸ್ ಫೋಟೋ ಒನ್ ಓಲ್ಡ್ ಲೇಡಿ ಈಸ್ ದೇರ್. ಶಿ ಹ್ಯಾಸ್ ಸ್ಯಾಟ್ ಬಿಲೋ ದ ನೀಮ್ ಪ್ಲ್ಯಾಂಟ್. ಶಿ ಹ್ಯಾಸ್ ವೋರ್ನ್ ಇಳಕಲ್ ಸಾರಿ. ಒನ್ ಅಂಬ್ರೆಲಾ ಹೋಲ್ಡಿಂಗ್ ಗರ್ಲ್ ಈಸ್ ಸೀಯಿಂಗ್ ದ ಫ್ರೂಟ್ಸ್. ಬ್ಯಾಕ್‌ಸೈಡ್ ಒನ್ ಕಾರ್ಟ್ ಈಸ್ ದೇರ್."

ಇದರಲ್ಲಿ ಒಂದೊಂದು ತಪ್ಪಿನ ಹಿಂದೆಯೂ ಕನ್ನಡದ ಒಂದೊಂದು ಸರಿಯಾದ ಪ್ರಯೋಗವಿದೆಯೆಂಬುದನ್ನು ಶಿಕ್ಷಕರು ಮರೆಯಬಾರದು. ಕೆಂಪು ಶಾಯಿಯಿಂದ ಗೀಟು ಹಾಕುವ ಮೊದಲು ಹುಡುಗನು ಎಲ್ಲಿಂದ ಹೊರಟು ಅಲ್ಲಿಗೆ ತಲುಪಿದನೆಂಬುದನ್ನು ಕಂಡುಕೊಂಡರೆ, ತಿದ್ದುವ ಕೆಲಸ ಅರ್ಧ ಹಗುರವಾಗುತ್ತದೆ.

"ಕುಳಿತಿದ್ದಾಳೆ" ಎಂಬ ರೂಪವನ್ನೇ ನೋಡಬಹುದು. ಕುಳಿತುಕೊಳ್ಳುವ ಕ್ರಿಯೆ ಮುಗಿದು ಅದರ ಸ್ಥಿತಿ ಮುಂದುವರಿದಿದೆಯೆಂದು ಕನ್ನಡ ಹೇಳುತ್ತದೆ: ಭೂತಕಾಲದ ಕೃದಂತ, ಅದರ ಮೇಲೆ "ಇರು" ಧಾತು. ಹುಡುಗನು ಅದನ್ನು ಬಿಡಿಸಿ ನೋಡಿ "ಹ್ಯಾಸ್ ಸ್ಯಾಟ್" ಎಂದು ಬರೆಯುತ್ತಾನೆ. ಆದರೆ ಇಂಗ್ಲಿಷು ಅದೇ ಸ್ಥಿತಿಯನ್ನು ನಡೆಯುತ್ತಿರುವ ಕ್ರಿಯೆಯಂತೆ ಕಾಣುತ್ತದೆ: "ಈಸ್ ಸಿಟ್ಟಿಂಗ್". ನಿಂತಿದ್ದಾನೆ ಎಂಬುದು "ಈಸ್ ಸ್ಟ್ಯಾಂಡಿಂಗ್", ಮಲಗಿದೆ ಎಂಬುದು "ಈಸ್ ಲೈಯಿಂಗ್", ಒರಗಿಕೊಂಡಿದ್ದಾನೆ ಎಂಬುದು "ಈಸ್ ಲೀನಿಂಗ್". ಕನ್ನಡದ "ಕುಳಿತುಕೊಳ್ಳುತ್ತಿದ್ದಾಳೆ" ಎಂಬುದಕ್ಕೆ "ಈಸ್ ಸಿಟ್ಟಿಂಗ್ ಡೌನ್" ಎನ್ನಬೇಕು. ಇದೇ ಮೇರೆಗೆ ಸೀರೆ ಉಟ್ಟಿದ್ದಾಳೆ ಎಂಬುದು "ಈಸ್ ವೇರಿಂಗ್". ಉಡುತ್ತಿದ್ದಾಳೆ ಎಂಬುದು "ಈಸ್ ಪುಟಿಂಗ್ ಆನ್". ಛಾಯಾಚಿತ್ರವು ಸ್ಥಿತಿಗಳನ್ನೇ ಹೆಚ್ಚಾಗಿ ತೋರಿಸುವುದರಿಂದ, ಈ ಒಂದು ಸೂತ್ರ ಮನದಟ್ಟಾದರೆ ಚಿತ್ರವರ್ಣನೆಯ ತಪ್ಪುಗಳಲ್ಲಿ ಬಹುಪಾಲು ತಾವಾಗಿಯೇ ಉದುರುತ್ತವೆ.

ಉಡುಗೆತೊಡುಗೆಯ ವಿಷಯದಲ್ಲಿ ಕನ್ನಡದ ಸಂಪತ್ತು ಬೆರಗುಗೊಳಿಸುವಂಥದು. ಸೀರೆಯನ್ನು ಉಡುತ್ತಾರೆ, ಅಂಗಿಯನ್ನು ತೊಡುತ್ತಾರೆ, ರುಮಾಲನ್ನು ಸುತ್ತುತ್ತಾರೆ, ಕಂಬಳಿಯನ್ನು ಹೊದೆಯುತ್ತಾರೆ, ಚಪ್ಪಲಿಯನ್ನು ಮೆಟ್ಟುತ್ತಾರೆ, ಹೂವನ್ನು ಮುಡಿಯುತ್ತಾರೆ, ವಿಭೂತಿಯನ್ನು ಧರಿಸುತ್ತಾರೆ. ಇಂಗ್ಲಿಷು ಇವೆಲ್ಲಕ್ಕೂ "ವೇರ್" ಎಂಬ ಒಂದೇ ಕ್ರಿಯಾಪದದಿಂದ ಸಂಸಾರ ಸಾಗಿಸುತ್ತದೆ. ಅಷ್ಟೇ ಅಲ್ಲ, ಕನ್ನಡಕ, ಗಡ್ಡ, ಮುಖದ ಮೇಲಿನ ನಗೆ ಇವುಗಳನ್ನೂ ಅದೇ ಕ್ರಿಯಾಪದಕ್ಕೆ ಒಪ್ಪಿಸುತ್ತದೆ. ಬೇರೆ ಬೇರೆ ಇಂಗ್ಲಿಷ್ ಕ್ರಿಯಾಪದಗಳನ್ನು ಹುಡುಕಿ ನಿಘಂಟು ತಿರುವುವ ವಿದ್ಯಾರ್ಥಿಯು ಇಲ್ಲಿ ವೃಥಾ ಶ್ರಮಪಡುತ್ತಾನೆ. ಇನ್ನೊಂದು ಸುಲಭೋಪಾಯವೂ ಉಂಟು. ಅದು ಈ ಪಾಠದಲ್ಲೆಲ್ಲ ಅತ್ಯಂತ ಬೆಲೆಯುಳ್ಳದ್ದು. ಕನ್ನಡವು ವಿಶೇಷಣವನ್ನು ನಾಮಪದದ ಮುಂಚೆ ಇರಿಸುತ್ತದೆ: ಕೊಡೆ ಹಿಡಿದ ಹುಡುಗಿ, ಬಿಳಿ ಟೊಪ್ಪಿಗೆ ಹಾಕಿಕೊಂಡ ಮುದುಕ. ಇದನ್ನೇ ಅನುಸರಿಸಿ "ಅಂಬ್ರೆಲಾ ಹೋಲ್ಡಿಂಗ್ ಗರ್ಲ್" ಹುಟ್ಟಿಕೊಳ್ಳುತ್ತಾಳೆ. ಇಂಗ್ಲಿಷಿಗೆ ಇಲ್ಲಿ ಕ್ರಿಯಾಪದವೇ ಬೇಡ. ಎರಡು ಪುಟ್ಟ ಪದಗಳು ಸಾಕು. ಮೈಮೇಲಿರುವ ಬಟ್ಟೆಗೆ "ಇನ್", ಜೊತೆಯಲ್ಲಿರುವ ವಸ್ತುವಿಗೂ ಮುಖಲಕ್ಷಣಕ್ಕೂ "ವಿತ್". "ಎ ಗರ್ಲ್ ವಿತ್ ಆ್ಯನ್ ಅಂಬ್ರೆಲಾ", "ಆ್ಯನ್ ಓಲ್ಡ್ ಮ್ಯಾನ್ ಇನ್ ಎ ವೈಟ್ ಕ್ಯಾಪ್", "ಎ ವುಮನ್ ವಿತ್ ಎ ಚೈಲ್ಡ್ ಆನ್ ಹರ್ ಹಿಪ್". ಮಗುವನ್ನು ಎತ್ತಿಕೊಂಡಿದ್ದಾಳೆ ಎಂಬುದನ್ನು "ಹ್ಯಾಸ್ ಲಿಫ್ಟೆಡ್" ಎಂದು ಬರೆದು ಆ ತಾಯಿಯನ್ನು ಭಾರ ಎತ್ತುವ ಮಲ್ಲಳನ್ನಾಗಿ ಮಾಡುವ ಅವಶ್ಯಕತೆ ಇಲ್ಲ.

"ನೀಮ್ ಪ್ಲ್ಯಾಂಟ್" ಎಂಬುದು ಉತ್ತರ ಕರ್ನಾಟಕದ ವಿಶಿಷ್ಟ ಕಾಣಿಕೆ. ಇಲ್ಲಿಯ ಮಾತಿನಲ್ಲಿ ಮುಗಿಲೆತ್ತರದ ಬೇವೂ ಗಿಡವೇ, ಆಲವೂ ಗಿಡವೇ. ಪಾಠದ ಪುಸ್ತಕದಲ್ಲಿ ಗಿಡವೆಂದರೆ "ಪ್ಲ್ಯಾಂಟ್" ಎಂದು ಓದಿದ ಹುಡುಗನು, ಮನೆಯ ಮಾತಿನ ಗಿಡಕ್ಕೆ ಆ ಹೆಸರನ್ನು ಅಂಟಿಸುತ್ತಾನೆ. ಮುದುಕಿಯು ಕುಂಡದಲ್ಲಿಯ ಸಸಿಯ ಕೆಳಗೆ ಹೇಗೆ ಕುಳಿತಾಳೆಂದು ಓದುಗನು ಬೆರಗಾಗುತ್ತಾನೆ. "ಬಿಲೋ" ಪದವೂ ಇಲ್ಲಿ ಸಲ್ಲದು. ನೆರಳಿಗೆ ಬಂದು ಕುಳಿತವರು "ಅಂಡರ್ ಎ ಟ್ರೀ" ಇರುತ್ತಾರೆ. ಮರದ ವಿಷಯ ಬಂದಾಗ ಇನ್ನೊಂದು ಸ್ವಾರಸ್ಯವನ್ನು ಹೇಳಿಬಿಡಬಹುದು. ಕನ್ನಡದಲ್ಲಿ ಹಕ್ಕಿ ಮರದ ಮೇಲೆ ಕುಳಿತಿರುತ್ತದೆ, ಹಣ್ಣು ಮರದಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿ ಸರಿಯಾಗಿ ತಿರುವುಮುರುವು: ಹಕ್ಕಿ "ಇನ್ ದ ಟ್ರೀ", ಹಣ್ಣು "ಆನ್ ದ ಟ್ರೀ". ಇದಕ್ಕೆ ತರ್ಕವನ್ನು ಹುಡುಕುವುದಕ್ಕಿಂತ ಬಾಯಿಪಾಠ ಮಾಡಿಸುವುದೇ ಲೇಸು. "ಬ್ಯಾಕ್‌ಸೈಡ್" ಎಂಬ ಮಾತಿಗಂತೂ ಇಂಗ್ಲಿಷರ ಆಡುನುಡಿಯಲ್ಲಿ ಮನುಷ್ಯದೇಹದ ಹಿಂಭಾಗವೆಂಬ ಅರ್ಥವಿರುವುದರಿಂದ, ಅದನ್ನು ಸಂಚಿಕೆಯಿಂದ ದೂರವಿಡುವುದು ಕ್ಷೇಮ. "ಬಿಹೈಂಡ್ ದೆಮ್" ಅಥವಾ "ಇನ್ ದ ಬ್ಯಾಕ್‌ಗ್ರೌಂಡ್" ಎಂದರೆ ಸಾಕು.

"ಒನ್ ಲೇಡಿ ಈಸ್ ದೇರ್" ಎಂಬಲ್ಲಿ ಎರಡು ಸಂಗತಿಗಳಿವೆ. ಕನ್ನಡದ "ಒಬ್ಬ, ಒಂದು" ಎಣಿಕೆಗೂ ಸಲ್ಲುತ್ತವೆ, ಮೊದಲ ಪರಿಚಯಕ್ಕೂ ಸಲ್ಲುತ್ತವೆ. ಇಂಗ್ಲಿಷಿನಲ್ಲಿ "ಒನ್" ಎಂದೊಡನೆ ಎಣಿಕೆಯ ಭಾವ ಬರುತ್ತದೆ. ಪರಿಚಯಕ್ಕೆ "ಎ" ಬೇಕು, ಪರಿಚಯವಾದ ಬಳಿಕ "ದ". ಇನ್ನು ಇರುವಿಕೆಯನ್ನು ಕೊನೆಗೆ ಹೇಳುವುದು ಕನ್ನಡದ ಪದ್ಧತಿಯಾದರೆ, ಇಂಗ್ಲಿಷು "ದೇರ್ ಈಸ್" ಎಂದು ಮೊದಲೇ ಸಾರುತ್ತದೆ. ನೋಟದ ಕ್ರಮವೂ ಭಿನ್ನ. ಹೊಲದಲ್ಲಿ, ಬದುವಿನ ಮೇಲೆ, ಗಿಡದ ಕೆಳಗೆ ಒಬ್ಬ ರೈತ ಕುಳಿತಿದ್ದಾನೆ ಎಂದು ಕನ್ನಡವು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಇಂಗ್ಲಿಷು ರೈತನನ್ನು ಮೊದಲು ತೋರಿಸಿ ಗಿಡ, ಬದು, ಹೊಲಗಳತ್ತ ಕಣ್ಣನ್ನು ಹಿಗ್ಗಿಸುತ್ತದೆ. ಈ ಬದಲಾವಣೆಗಳನ್ನೆಲ್ಲ ಮಾಡಿದ ಮೇಲೆ ಆ ವಿದ್ಯಾರ್ಥಿಯ ವರ್ಣನೆ ಹೀಗಾಗುತ್ತದೆ: "ಆ್ಯನ್ ಓಲ್ಡ್ ವುಮನ್ ಇನ್ ಆ್ಯನ್ ಇಳಕಲ್ ಸಾರಿ ಈಸ್ ಸಿಟ್ಟಿಂಗ್ ಅಂಡರ್ ಎ ನೀಮ್ ಟ್ರೀ ವಿತ್ ಎ ಬಾಸ್ಕೆಟ್ ಆಫ್ ಗ್ವಾವಾಸ್ ಇನ್ ಫ್ರಂಟ್ ಆಫ್ ಹರ್. ಎ ಗರ್ಲ್ ವಿತ್ ಆ್ಯನ್ ಅಂಬ್ರೆಲಾ ಈಸ್ ಲುಕಿಂಗ್ ಅಟ್ ದ ಫ್ರೂಟ್. ಬಿಹೈಂಡ್ ದೆಮ್ ದೇರ್ ಈಸ್ ಎ ಬುಲಕ್-ಕಾರ್ಟ್." ಇದರಲ್ಲಿ ಒಂದೂ ಕಠಿಣ ಪದವಿಲ್ಲ, ಎಂಟನೆಯ ತರಗತಿಯ ಹುಡುಗನಿಗೆ ತಿಳಿಯದ ಒಂದೂ ಪದವಿಲ್ಲ. ಅಲಂಕಾರದ ಪದಗಳನ್ನು ಗಟ್ಟಿಮಾಡಿಸಿ ಪರೀಕ್ಷೆಗೆ ಕಳಿಸುವವರು ಇದನ್ನು ಗಮನಿಸಬೇಕು.

"ಕಾಣುತ್ತದೆ" ಎಂಬ ಒಂದು ಮಾತಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ದೂರದಲ್ಲಿ ಗುಡ್ಡ ಕಾಣುತ್ತದೆ. ಮುದುಕಿ ದಣಿದಂತೆ ಕಾಣುತ್ತಾಳೆ. ಮಳೆ ಬರುವಂತೆ ಕಾಣುತ್ತದೆ. ಮೂರಕ್ಕೂ ಕನ್ನಡದಲ್ಲಿ ಧಾತು ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದು "ಕ್ಯಾನ್ ಬಿ ಸೀನ್", ಎರಡನೆಯದು "ಲುಕ್ಸ್ ಟೈರ್ಡ್", ಮೂರನೆಯದು "ಇಟ್ ಲುಕ್ಸ್ ಲೈಕ್ ರೇನ್". ಮೊದಲನೆಯದು ಕಣ್ಣಿನ ಸಾಕ್ಷ್ಯ, ಉಳಿದೆರಡು ನೋಡುವವನ ಊಹೆ. ಚಿತ್ರದಲ್ಲಿ ಏನಿದೆ, ಚಿತ್ರ ನೋಡಿದವನು ಏನನ್ನು ಭಾವಿಸಿದ ಎಂಬ ಈ ಭೇದವನ್ನು ಇಂಗ್ಲಿಷು ಕ್ರಿಯಾಪದದಲ್ಲಿಯೇ ಒಪ್ಪಿಸಬೇಕೆಂದು ಕೇಳುತ್ತದೆ. ಇರಬೇಕು ಎಂಬುದಕ್ಕೆ "ಮಸ್ಟ್ ಬಿ", ಇರಬಹುದು ಎಂಬುದಕ್ಕೆ "ಮೇ ಬಿ". ಮುದುಕಿಯ ಪಕ್ಕದ ಹುಡುಗಿಯನ್ನು "ಹರ್ ಗ್ರ್ಯಾಂಡ್‌ಡಾಟರ್" ಎಂದು ಬರೆದುಬಿಡುವುದು ಸುಲಭ. ಆದರೆ ಛಾಯಾಚಿತ್ರವು ಬಂಧುತ್ವವನ್ನು ತೋರಿಸುವುದಿಲ್ಲ.

ಮಳೆ ಬಿಸಿಲುಗಳ ವಿಷಯವನ್ನು ಚುಟುಕಾಗಿ ಮುಗಿಸಬಹುದು. ಸಣ್ಣ ಮಳೆ "ಲೈಟ್ ರೇನ್", ದೊಡ್ಡ ಮಳೆ "ಹೆವಿ ರೇನ್", ಧಾರವಾಡದವರಿಗೆ ಚಿರಪರಿಚಿತವಾದ ಜಿಟಿಜಿಟಿ ಮಳೆ "ಡ್ರಿಝಲ್". ಎರೆಭೂಮಿ "ಬ್ಲ್ಯಾಕ್ ಸಾಯಿಲ್", ಮಸಾರಿ "ರೆಡ್ ಸಾಯಿಲ್".

ಇದಕ್ಕಿಂತ ತೊಡಕಿನವು ಈ ನಾಡಿನ ಬದುಕಿಗೇ ಸೇರಿದ ವಸ್ತುಗಳು. ಕೆರೆಗೆ ಹಿಂದಿನ ಆಂಗ್ಲ ಅಧಿಕಾರಿಗಳು "ಟ್ಯಾಂಕ್" ಎನ್ನುತ್ತಿದ್ದರು. 1886ರಲ್ಲಿ ಪ್ರಕಟವಾದ "ಹಾಬ್ಸನ್-ಜಾಬ್ಸನ್" ಎಂಬ ಆಂಗ್ಲೋ-ಭಾರತೀಯ ಪದಕೋಶದಲ್ಲಿ ಆ ಪದಕ್ಕೆ ಸ್ಥಾನ ದೊರೆತಿದೆ. ಭಾರತೀಯ ಓದುಗನಿಗೆ ಅದು ಇಂದಿಗೂ ತಿಳಿಯುತ್ತದೆ. ಹೊರನಾಡಿನಲ್ಲಿ ಬೆಳೆದ ಮೊಮ್ಮಗನು ಮಾತ್ರ "ಕೆಲಗೇರಿ ಟ್ಯಾಂಕ್" ಎಂಬುದನ್ನು ಓದಿ ಸಿಮೆಂಟಿನ ತೊಟ್ಟಿಯನ್ನೋ ಯುದ್ಧದ ವಾಹನವನ್ನೋ ಚಿತ್ರದಲ್ಲಿ ಹುಡುಕುತ್ತಾನೆ; ಅಲ್ಲಿ "ಲೇಕ್" ಎನ್ನುವುದು ಮೇಲು. ತೇರಿಗೆ "ಟೆಂಪಲ್ ಕಾರ್" ಎಂಬುದು ಹಳೆಯ ರೂಢಿ. ಅದರಲ್ಲಿಯ ಮೊದಲ ಪದವನ್ನು ಬಿಟ್ಟು "ಕಾರ್ ಫೆಸ್ಟಿವಲ್" ಎಂದರೆ ಮೋಟಾರುಗಳ ಮೆರವಣಿಗೆಯೆಂದು ತಿಳಿಯುವವರೂ ಉಂಟು. ಕಾವಿಯನ್ನು ಎಲ್ಲರೂ "ಸ್ಯಾಫ್ರನ್" ಎಂದು ಬರೆಯುತ್ತಾರೆ. ಅದು ಕೇಸರಿಯ ಬಣ್ಣ. ಕಾವಿಗೆ, ಅಂದರೆ ಕೆಮ್ಮಣ್ಣಿನ ಬಣ್ಣಕ್ಕೆ, "ಓಕರ್" ಹೆಚ್ಚು ಸಮೀಪವಾದುದು. ಜೋಳದ ರೊಟ್ಟಿಯನ್ನು ಬರಿಯ "ಬ್ರೆಡ್" ಎಂದರೆ ಬೇಕರಿಯ ದಿಮ್ಮಿಯೇ ಕಣ್ಣಮುಂದೆ ಬರುವುದರಿಂದ, "ರೊಟ್ಟಿ" ಎಂದೇ ಬರೆದು "ಎ ಫ್ಲ್ಯಾಟ್ ಬ್ರೆಡ್ ಆಫ್ ಜೋವರ್" ಎಂದು ಒಮ್ಮೆ ಬಿಡಿಸಿ ಹೇಳುವುದು ಉಚಿತ.

ಹೀಗೆ ಹೇಳುವಾಗ ಪ್ರಶ್ನೆಯೊಂದು ಏಳುತ್ತದೆ: ಸಹಜವೆಂದರೆ ಯಾರಿಗೆ ಸಹಜ? ಇದಕ್ಕೆ ಉತ್ತರ ಹುಡುಕಿದವರ ಕಥೆಯಲ್ಲಿ ಏಷ್ಯದ ತರಗತಿಗಳ ಪಾತ್ರ ದೊಡ್ಡದು. ಧಾರವಾಡ–ಹುಬ್ಬಳ್ಳಿಗಳಲ್ಲಿಯೂ ಕೆಲಸ ಮಾಡಿದ್ದ ರೆವರೆಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಕನ್ನಡ ಪದಕ್ಕೆ ಇಂಗ್ಲಿಷಿನ ಅರ್ಥವನ್ನು ತಿಳಿಯಲು ಅದಕ್ಕೆ ಸಾಟಿಯಿಲ್ಲ. ಆದರೆ ಆ ಇಂಗ್ಲಿಷ್ ಪದವು ಯಾವ ಪದದ ನೆರೆಯಲ್ಲಿ ಬಾಳುತ್ತದೆಂಬುದನ್ನು ಹೇಳುವುದು ಅಂಥ ನಿಘಂಟಿನ ಉದ್ದೇಶವಲ್ಲ. ಆ ಕೆಲಸವನ್ನು ಕೈಗೆತ್ತಿಕೊಂಡವರಲ್ಲಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಪ್ರಮುಖರು. ಅವರು ಸಹೋದ್ಯೋಗಿಗಳೊಡನೆ ರಚಿಸಿದ ಕೋಶ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಮರುಪ್ರಕಟವಾಯಿತು. ಶಾಲೆಯ ಗ್ರಂಥಾಲಯಗಳಲ್ಲಿ ಇಂದು ಕಾಣುವ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರ ಸಂತಾನ. ಪದದ ಅರ್ಥವನ್ನು ಅದರ ಒಡನಾಡಿ ಪದಗಳಿಂದ ಅರಿಯಬೇಕೆಂದು ಪ್ರತಿಪಾದಿಸಿದ ಜೆ. ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಧಾರವಾಡಕ್ಕೆ ಹತ್ತಿರದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಪ್ರೊ. ಎಸ್. ವಿ. ಶಾಸ್ತ್ರಿಯವರ ನೇತೃತ್ವದಲ್ಲಿ ಭಾರತೀಯ ಇಂಗ್ಲಿಷಿನ ಸುಮಾರು 10 ಲಕ್ಷ ಪದಗಳ ಪಠ್ಯಸಂಗ್ರಹವು 1986ರಲ್ಲಿ ಸಿದ್ಧವಾಯಿತು. 1978ರಲ್ಲಿ ಭಾರತದಲ್ಲಿ ಅಚ್ಚಾದ ಬರಹಗಳನ್ನು ಅದರಲ್ಲಿ ಕೂಡಿಸಲಾಗಿದೆ. ಭಾರತೀಯರ ಇಂಗ್ಲಿಷು ಬರಿಯ ತಪ್ಪುಗಳ ಮೂಟೆಯಲ್ಲ, ಎಣಿಸಿ ಅಭ್ಯಸಿಸಬೇಕಾದ ಒಂದು ಬಳಕೆ ಎಂಬ ಅರಿವು ಅಂಥ ಸಂಗ್ರಹದ ಹಿಂದಿದೆ. ಆದಕಾರಣ ಸನ್ಮಾನಕ್ಕೆ "ಫೆಲಿಸಿಟೇಷನ್" ಎಂಬುದನ್ನು ಲಂಡನ್ನಿನವರು ಅಪರೂಪವೆಂದರೂ ಇಲ್ಲಿ ಬಿಡಬೇಕಾಗಿಲ್ಲ; ಈ ನೆಲದಲ್ಲಿ ಅದು ಸಹಜವೇ. "ಬ್ಯಾಕ್‌ಸೈಡ್" ಬಿಡಬೇಕು, "ಫೆಲಿಸಿಟೇಷನ್" ಇಟ್ಟುಕೊಳ್ಳಬೇಕು. ಓದುಗನು ದಾರಿತಪ್ಪುತ್ತಾನೆಯೇ ಇಲ್ಲವೇ ಎಂಬುದಷ್ಟೇ ಇಲ್ಲಿಯ ಅಳತೆಗೋಲು.

ಓದುಗನು ದಾರಿತಪ್ಪುವುದೆಂದರೇನೆಂಬುದಕ್ಕೆ ಈ ನಾಡಿನ ಹಳೆಯ ಛಾಯಾಚಿತ್ರಗಳೇ ಸಾಕ್ಷಿ. ಮುಂಬಯಿ ಸರಕಾರದ ಪರವಾಗಿ ಕ್ಯಾಪ್ಟನ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯು 1855ರಲ್ಲಿ ಐಹೊಳೆ, ಬಾದಾಮಿ, ಬಿಜಾಪುರಗಳ ಚಿತ್ರಗಳನ್ನು ತೆಗೆದನು. ಆತನು ಸೈನ್ಯಕ್ಕೆ ಮರಳಿದ ಮೇಲೆ ಡಾ. ಪಿಗೌ ಆ ಕೆಲಸವನ್ನು ಮುಂದುವರಿಸಿದನು. ಇವರ ಹಾಗೂ ಮೈಸೂರು ಸೀಮೆಯಲ್ಲಿ ಚಿತ್ರ ತೆಗೆದ ನೀಲ್ ಎಂಬವನ ಚಿತ್ರಗಳನ್ನು ಒಟ್ಟುಗೂಡಿಸಿ, 1866ರಲ್ಲಿ ಲಂಡನ್ನಿನ ಜಾನ್ ಮರ್ರೇ ಪ್ರಕಾಶನವು "ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್" ಎಂಬ ದೊಡ್ಡ ಗ್ರಂಥವನ್ನು ಹೊರತಂದಿತು. ಇತಿಹಾಸದ ಬರಹವನ್ನು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರನೂ ಶಿಲ್ಪದ ಟಿಪ್ಪಣಿಗಳನ್ನು ಜೇಮ್ಸ್ ಫರ್ಗ್ಯುಸನ್ನನೂ ಒದಗಿಸಿದರು. ಈ ಭಾಗದ ಗುಡಿಗಳ ಛಾಯಾಚಿತ್ರಗಳನ್ನು ಇಂಗ್ಲಿಷಿನಲ್ಲಿ ವಿವರಿಸುವ ಕೆಲಸ ಅಷ್ಟು ಹಿಂದಿನಿಂದ ನಡೆದು ಬಂದಿದೆ.

ಐಹೊಳೆಯ ಪ್ರಸಿದ್ಧ ಗಜಪೃಷ್ಠಾಕಾರದ ಗುಡಿಯನ್ನು ಕನ್ನಡದಲ್ಲಿ ದುರ್ಗದ ಗುಡಿ ಎನ್ನುತ್ತಾರೆ. ಅದರ ಬಳಿ, ಅದಕ್ಕೆ ಹೊಂದಿಕೊಂಡಂತೆ, ಮುಂದಿನ ಕಾಲದಲ್ಲಿ ಕೋಟೆಯ ಕಟ್ಟಡವಿದ್ದುದರಿಂದ ಬಂದ ಹೆಸರು ಅದು. ಇಂಗ್ಲಿಷಿನಲ್ಲಿ ಅದು "ದುರ್ಗಾ ಟೆಂಪಲ್" ಆಯಿತು. ಷಷ್ಠೀ ವಿಭಕ್ತಿ ಕಳಚಿಬಿದ್ದೊಡನೆ ಕೋಟೆ ಮಾಯವಾಗಿ ದೇವಿ ಪ್ರತ್ಯಕ್ಷಳಾದಳು. ಚಿತ್ರದ ಅಡಿಬರಹವನ್ನು ಓದಿ ಬಂದ ಪ್ರವಾಸಿಗಳು ಅದನ್ನು ದುರ್ಗಾದೇವಿಯ ಆಲಯವೆಂದೇ ನಂಬುತ್ತಾರೆ. ಇದು ಕನ್ನಡಕ್ಕೂ ಮರಳಿ "ದುರ್ಗಾ ದೇವಾಲಯ"ವೆಂದು ನೆಲೆಯೂರುತ್ತಿದೆ. "ದುರ್ಗಾ ಟೆಂಪಲ್" ಎಂಬುದು ಇಂಗ್ಲಿಷಿನಲ್ಲಿ ಅತ್ಯಂತ ಸಹಜವಾದ ನುಡಿಗಟ್ಟು, ವ್ಯಾಕರಣಶುದ್ಧವೂ ಹೌದು. ಅದೇ ಊರಿನ ಲಾಡಖಾನ್ ಗುಡಿಗೆ ಈ ಗತಿ ಬರಲಿಲ್ಲ. ಆ ಹೆಸರು ಅಲ್ಲಿ ವಾಸಿಸಿದ್ದ ವ್ಯಕ್ತಿಯದೆಂಬುದು ಎಂಥ ಓದುಗನಿಗೂ ಹೊಳೆಯುತ್ತದೆ. ಸಹಜತೆಗೂ ಸತ್ಯಕ್ಕೂ ಹೀಗೆ ತಿಕ್ಕಾಟ ಬಂದಲ್ಲಿ ಸಹಜತೆ ಹಿಂದೆ ಸರಿಯಬೇಕು: "ದ ಟೆಂಪಲ್ ಬೈ ದ ಫೋರ್ಟ್, ಕಾಲ್ಡ್ ದುರ್ಗದಗುಡಿ" ಎಂಬುದು ತುಸು ಉದ್ದ, ಆದರೆ ನಿಜ.

ಆ ಕಾಲದ ಚಿತ್ರಗಳ ಇನ್ನೊಂದು ಸಂಗತಿಯೂ ಇಲ್ಲಿ ಪ್ರಸ್ತುತ. ಬಿಗ್ಸನು ಬಳಸಿದ್ದು ಕಾಗದದ ನೆಗೆಟಿವ್. ಅದನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಾಗುತ್ತಿದ್ದುದರಿಂದ, ನಡೆದಾಡಿದವರು ಮಂಜಿನಂತೆ ಕರಗುತ್ತಿದ್ದರು. ಅಲುಗಾಡದೆ ನಿಂತವರು ಮಾತ್ರ ಉಳಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಾಹಕರು ಗುಡಿಯ ಎತ್ತರದ ಅಳತೆ ತಿಳಿಯಲೆಂದು ಕಂಬದ ಪಕ್ಕದಲ್ಲಿ ಮನುಷ್ಯನೊಬ್ಬನನ್ನು ನಿಲ್ಲಿಸುವುದು ವಾಡಿಕೆಯಾಗಿತ್ತು. ಅಡಿಬರಹದಲ್ಲಿ ಕಂಬವಿರುತ್ತದೆ, ದಿಕ್ಕು ಇರುತ್ತದೆ; ಆ ಮನುಷ್ಯನು ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೆ "ಎ ನೇಟಿವ್" ಎಂದಿರುತ್ತಾನೆ.

ಊರ ಹೆಸರುಗಳ ಕಾಗುಣಿತವೂ ಚಿತ್ರದ ಕಾಲವನ್ನು ಹೇಳುತ್ತದೆ. ಆ ಗ್ರಂಥದ "ಧಾರವಾರ್" ಎಂಬುದರ ಎಲ್ಲೆಯು ಇಂದಿನ ಧಾರವಾಡಕ್ಕಿಂತ ವಿಸ್ತಾರವಾದುದು. ಗದಗ, ಹಾವೇರಿಗಳು ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಇಂಗ್ಲಿಷಿನಲ್ಲಿ "ಹುಬ್ಲಿ" ಎಂಬುದು "ಹುಬ್ಬಳ್ಳಿ"ಯಾದದ್ದು 2014ರ ನವೆಂಬರ್ 1ರಿಂದ. ಹಳೆಯ ಚಿತ್ರದ ಮೇಲೆಯೇ ಅಚ್ಚಾಗಿರುವ ಹೆಸರನ್ನು ಹಾಗೆಯೇ ಬಿಟ್ಟು, ಹೊಸ ಅಡಿಬರಹದಲ್ಲಿ ಇಂದಿನ ರೂಪವನ್ನು ಬಳಸುವುದು ಸರಿಯಾದ ಕ್ರಮ.

ಕೊನೆಗೆ ಶಾಲೆಯ ಸಮೂಹ ಚಿತ್ರ. ಇದರ ಇಂಗ್ಲಿಷು ಎಲ್ಲ ಸಂಚಿಕೆಗಳಲ್ಲಿಯೂ ಒಂದೇ ಅಚ್ಚಿನದು: "ಸಿಟ್ಟಿಂಗ್ ಫ್ರಮ್ ಲೆಫ್ಟ್ ಟು ರೈಟ್". ಇದು ತಪ್ಪಲ್ಲ, "ಸೀಟೆಡ್" ಎಂದರೆ ಇನ್ನಷ್ಟು ಲಕ್ಷಣ. ಎಡಬಲಗಳು ನೋಡುವವನವು, ಚಿತ್ರದಲ್ಲಿ ಕುಳಿತವರವಲ್ಲ. ನೆಲದ ಮೇಲೆ ಕುಳಿತ ಮಕ್ಕಳಿಗೆ "ಸ್ಕ್ವಾಟಿಂಗ್" ಎಂದು ಬರೆಯುವ ರೂಢಿಯನ್ನು ಬಿಡಬೇಕು. ಆ ಪದಕ್ಕೆ ಕುಕ್ಕರಗಾಲಿನಲ್ಲಿ ಕೂಡುವುದು ಎಂದರ್ಥ. ಚಕ್ಕಳಮಕ್ಕಳ ಹಾಕಿ ಕುಳಿತವರು "ಸಿಟ್ಟಿಂಗ್ ಕ್ರಾಸ್-ಲೆಗ್ಡ್". ಗೌರವದ ಬಹುವಚನವೂ ಇಲ್ಲಿ ಕಾಟ ಕೊಡುತ್ತದೆ: ಸ್ವಾಮಿಗಳು ಆಸೀನರಾಗಿದ್ದಾರೆ ಎಂಬುದನ್ನು "ಸ್ವಾಮೀಜೀಸ್ ಆರ್ ಸಿಟ್ಟಿಂಗ್" ಎಂದು ಬರೆದರೆ ಓದುಗನು ಎರಡನೆಯ ಸ್ವಾಮಿಗಳನ್ನು ಹುಡುಕುತ್ತಾನೆ. ಇಂಗ್ಲಿಷಿನಲ್ಲಿ ಗೌರವವು ಹೆಸರಿನ ಮುಂದಿನ ಬಿರುದಿನಲ್ಲಿ ಇರಬೇಕು, ಕ್ರಿಯಾಪದದಲ್ಲಿ ಅಲ್ಲ. ಫೋಟೋ ತೆಗೆಸಿಕೊಂಡೆವು ಎಂಬುದಕ್ಕೆ "ವಿ ಟುಕ್ ಎ ಫೋಟೋ" ಎಂದರೆ ತೆಗೆದವರು ತಾವೇ ಎಂದಾಗುತ್ತದೆ. "ವಿ ಹ್ಯಾಡ್ ಅವರ್ ಫೋಟೋಗ್ರಾಫ್ ಟೇಕನ್" ಎನ್ನಬೇಕು.

ಇನ್ನು "ಆಲ್ಸೋ ಸೀನ್ ಇನ್ ದ ಪಿಕ್ಚರ್" ಮತ್ತು "ಆ್ಯಂಡ್ ಅದರ್ಸ್". ಇವು ಭಾರತೀಯ ಪತ್ರಿಕೆಗಳ ಓದುಗರಿಗೆಲ್ಲ ಸಹಜವಾಗಿ ಹೋಗಿರುವ ಪದಗಳು. ಮೊದಲನೆಯದು ಗಣ್ಯರ ಪಟ್ಟಿಯ ಎರಡನೆಯ ಪಂಕ್ತಿ. ಎರಡನೆಯದು ಹೆಸರುಗಳನ್ನು ಕೇಳಿ ತಿಳಿಯುವ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ. ಹಳೆಯ ಸಮೂಹ ಚಿತ್ರಗಳ ಅಂಚಿನಲ್ಲಿ ನಿಂತ ಸಿಪಾಯಿ, ಪ್ರಸಾದನಿಲಯದ ಅಡಿಗೆಯವರು, ನೀರು ತರುತ್ತಿದ್ದವರು ಈ "ಅದರ್ಸ್" ಎಂಬ ಪದದೊಳಗೆ ಕರಗಿಹೋಗಿದ್ದಾರೆ, ಬಿಗ್ಸನ ಕಾಲದ ನೆಗೆಟಿವ್‌ಗಳಲ್ಲಿ ನಡೆದಾಡಿದವರು ಕರಗಿದಂತೆ. ಇವರು ಮಾತ್ರ ಅಲುಗಾಡದೆ ನಿಂತಿದ್ದರು. ಹೆಸರು ತಿಳಿಯದಿದ್ದಲ್ಲಿ "ಅನ್‌ನೋನ್" ಎನ್ನುವುದಕ್ಕಿಂತ "ನಾಟ್ ಯೆಟ್ ಐಡೆಂಟಿಫೈಡ್" ಎನ್ನುವುದು ಮೇಲು: ಅದನ್ನು ಓದಿದ ಹಳೆಯ ವಿದ್ಯಾರ್ಥಿಯೊಬ್ಬನಾದರೂ ಆ ಹೆಸರನ್ನು ಬರೆದು ಕಳಿಸುವ ಸಂಭವವಿದೆ. ಹಾಗೆ ಬಂದ ಹೆಸರುಗಳನ್ನು ಮೂಲ ಚಿತ್ರದ ಹಿಂಬದಿಯಲ್ಲಿ, ಅಂಚಿಗೆ ಸಮೀಪವಾಗಿ, ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಡಬೇಕು. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರಗಳ ಗುರುತು ಚಿತ್ರದ ಮುಂಭಾಗಕ್ಕೆ ಮೂಡುತ್ತದೆ.